ಯಾರು ದಾಟಬೇಕು?

ಮೊರಾಕ್ಕೊ ದೇಶದ ರಬಾತ್ ನಗರದಲ್ಲಿ ಒಬ್ಬ ಕ್ರೈಸ್ತ ಸನ್ಯಾಸಿನಿ ಮಕ್ಕಳ ವಿಭಾಗದ ದಾದಿಯಾಗಿ ಹಲವು ವರ್ಷ ದುಡಿದಿದ್ದರು. ಫ್ರೆಂಚ್ ಮತ್ತು ಅರಬ್ಬಿ ಎರಡೂ ಅವರಿಗೆ ದಿನಬಳಕೆಯ ಮಾತು. ಒಮ್ಮೆ ಮೊಪೆಡ್ ಅಪಘಾತದಲ್ಲಿ ತಲೆಗೆ ಪೆಟ್ಟು ಬಿದ್ದು ಅವರ ಮಾತು ನಿಂತೇ ಹೋಯಿತು. ಸ್ವಲ್ಪ ಸ್ವಲ್ಪವೇ ಚೇತರಿಸಿಕೊಳ್ಳತೊಡಗಿದಾಗ ವೈದ್ಯರು ಕಂಡದ್ದು ಸೋಜಿಗದ ಸಂಗತಿ. ಒಂದು ದಿನ ಅರಬ್ಬಿಯಲ್ಲಿ ಮಾತಾಡಬಲ್ಲರು, ಫ್ರೆಂಚಿನಲ್ಲಿ ಕಣ್ಣೆದುರಿನ ವಸ್ತುವಿನ ಹೆಸರು ಹೇಳಲೂ ತಡವರಿಸುವರು. ಇನ್ನೊಂದು ದಿನ ಫ್ರೆಂಚ್ ಸರಾಗ, ಅರಬ್ಬಿ ಬಾಯಿಗೆ ಬಾರದು. ಯಾವ ದಿನವೇ ಆಗಲಿ, ಎರಡು ಭಾಷೆಯೂ ಕೇಳಿದರೆ ಅರ್ಥವಾಗುತ್ತಿತ್ತು. ಅದಕ್ಕಿಂತ ವಿಚಿತ್ರವೆಂದರೆ, ತಾನಾಗಿ ಆಡಲಾಗದ ಭಾಷೆಗೆ ಅನುವಾದಿಸಿ ಹೇಳಿ ಎಂದರೆ ಹೇಳುತ್ತಿದ್ದರು. ಮಿಶೆಲ್ ಪಾರಾದಿ ಮತ್ತು ಸಂಗಡಿಗರು ಈ ಪ್ರಕರಣವನ್ನು 1982ರಲ್ಲಿ ಪ್ರಕಟಿಸಿದರು.

ಭಾಷೆ ಅಳಿದುಹೋಗಿದ್ದರೆ ಮರುದಿನ ಎಲ್ಲಿಂದ ಬರಬೇಕು? ಆ ಸನ್ಯಾಸಿನಿಯ ಎರಡು ಭಾಷೆಗಳೂ ಇದ್ದಲ್ಲೇ ಇದ್ದವು. ಕೆಟ್ಟಿದ್ದದ್ದು ಯಾವುದನ್ನು ಯಾವಾಗ ಬಿಡಬೇಕು, ಯಾವುದನ್ನು ಹಿಡಿಯಬೇಕು ಎಂಬ ಏರ್ಪಾಡು. ಫ್ರಾನ್ಸಿನ ವೈದ್ಯ ಆಲ್ಬೇರ್ ಪೀತ್ರ್ 1895ರಷ್ಟು ಹಿಂದೆಯೇ ಇಂಥ ರೋಗಿಗಳನ್ನು ಪರೀಕ್ಷಿಸಿ, ಒಂದೊಂದು ಭಾಷೆಗೂ ಮಿದುಳಿನಲ್ಲಿ ಒಂದೊಂದು ಕೋಣೆ ಇದೆ ಎಂಬ ಊಹೆಯನ್ನು ಒಪ್ಪಿರಲಿಲ್ಲ. ಮರಳಿ ಬಾರದ ಭಾಷೆ ನಾಶವಾಗಿದೆ ಎನ್ನುವುದಕ್ಕಿಂತ ಅದು ಜಡವಾಗಿ ಬಿದ್ದಿದೆ ಎನ್ನುವುದೇ ಸರಿ ಎಂದು ಆತ ಎಣಿಸಿದ್ದ. ನೂರು ವರ್ಷಗಳ ನಂತರದ ಪ್ರಯೋಗಗಳು ಅವನ ಊಹೆಯ ಕಡೆಗೇ ವಾಲಿವೆ.

ಎರಡು ಭಾಷೆ ಬಲ್ಲವರು ಒಂದನ್ನು ಆಡುವಾಗ ಇನ್ನೊಂದು ನಿದ್ದೆ ಮಾಡುತ್ತಿರುತ್ತದೆ ಎಂದು ನಾವು ಭಾವಿಸುತ್ತೇವೆ. ಹಾಗಿಲ್ಲ. ವಿಯೋರಿಕಾ ಮರಿಯನ್ ಮತ್ತು ಮೈಕೆಲ್ ಸ್ಪೈವಿ 1999ರಲ್ಲಿ ರಷ್ಯನ್ ಮತ್ತು ಇಂಗ್ಲಿಷ್ ಎರಡನ್ನೂ ಬಲ್ಲವರನ್ನು ಕೆಲವು ವಸ್ತುಗಳ ಮುಂದೆ ಕೂರಿಸಿ, ಅವರ ಕಣ್ಣಿನ ಚಲನೆಯನ್ನು ದಾಖಲಿಸಿದರು. ರಷ್ಯನ್ನಿನಲ್ಲಿ ಅಂಚೆಚೀಟಿಗೆ ‘ಮಾರ್ಕಾ’ ಎನ್ನುತ್ತಾರೆ. ಅಂಚೆಚೀಟಿಯನ್ನು ಎತ್ತಿಕೊಳ್ಳಿ ಎಂದು ರಷ್ಯನ್ನಿನಲ್ಲೇ ಹೇಳಿದರೂ, ಪಕ್ಕದಲ್ಲಿದ್ದ ಮಾರ್ಕರ್ ಪೆನ್ನಿನ ಮೇಲೆ ಅವರ ಕಣ್ಣು ಕ್ಷಣಕಾಲ ಹರಿಯುತ್ತಿತ್ತು. ಆ ಹೊತ್ತಿಗೆ ಯಾರೂ ಇಂಗ್ಲಿಷ್ ಆಡಿರಲಿಲ್ಲ, ಆದರೂ ಇಂಗ್ಲಿಷ್ ಒಳಗೇ ಎದ್ದು ಕೂತಿತ್ತು. ಅಂದಮೇಲೆ ಒಂದು ಭಾಷೆಯನ್ನು ಆಡುವುದೆಂದರೆ ಇನ್ನೊಂದನ್ನು ತಡೆಹಿಡಿದಿರುವುದು. ಬ್ರಿಟನ್ನಿನ ಮನಶ್ಶಾಸ್ತ್ರಜ್ಞ ಡೇವಿಡ್ ಗ್ರೀನ್ 1998ರಲ್ಲಿ ಮಂಡಿಸಿದ ಸಿದ್ಧಾಂತದ ತಿರುಳು ಇದೇ. ಸಾಲು ಮುಗಿದು ನೇಗಿಲು ತಿರುಗಬೇಕಾದಾಗ ರೈತ ಒಳಗಡೆಯ ಎತ್ತನ್ನು ತಡೆದು ನಿಲ್ಲಿಸಿ, ಹೊರಗಡೆಯದನ್ನು ಸುತ್ತಿ ಬರಲು ಬಿಡುತ್ತಾನೆ. ಎರಡೂ ನೊಗದಲ್ಲೇ ಇರುತ್ತವೆ. ಒಂದು ನಿಂತದ್ದರಿಂದಲೇ ಇನ್ನೊಂದು ತಿರುಗಿತು.

ಹೀಗೆ ತಡೆಯುವುದಕ್ಕೂ ಒಂದು ಬೆಲೆ ಇದೆ. ರೆನಾಟಾ ಮಾಯ್ಟರ್ ಮತ್ತು ಅಲನ್ ಆಲ್‌ಪೋರ್ಟ್ 1999ರಲ್ಲಿ ದ್ವಿಭಾಷಿಗಳಿಗೆ ಪರದೆಯ ಮೇಲೆ ಅಂಕಿಗಳನ್ನು ತೋರಿಸಿ, ಒಮ್ಮೆ ಈ ಭಾಷೆಯಲ್ಲಿ ಒಮ್ಮೆ ಆ ಭಾಷೆಯಲ್ಲಿ ಹೆಸರಿಸುವಂತೆ ಹೇಳಿದರು. ಬಲವಾದ ಮೊದಲ ಭಾಷೆಯಿಂದ ಎರಡನೆಯದಕ್ಕೆ ಹೋಗುವುದು ಕಷ್ಟ, ಮರಳುವುದು ಸುಲಭ ಎಂದು ಯಾರಾದರೂ ಎಣಿಸುತ್ತಾರೆ. ಆದದ್ದು ತಿರುಗುಮುರುಗು. ಮೊದಲ ಭಾಷೆಗೆ ಮರಳುವಾಗಲೇ ಹೆಚ್ಚು ತಡವಾಗುತ್ತಿತ್ತು. ಬಲವಾದದ್ದನ್ನು ಬಲವಾಗಿಯೇ ಅದುಮಬೇಕು. ಹಾಗೆ ಅದುಮಿದ್ದು ಮತ್ತೆ ಏಳಲು ಹೊತ್ತು ಹಿಡಿಯುತ್ತದೆ. ಇದು ಸೆಕೆಂಡಿನ ಸಣ್ಣ ಪಾಲಿನ ಲೆಕ್ಕ. ಪರದೇಶದಿಂದ ಬಂದ ಮಗ ಕನ್ನಡ ಮರೆತೆ ಎನ್ನುವುದಕ್ಕೆ ಇದನ್ನು ಸಬೂಬು ಮಾಡಿಕೊಳ್ಳಲಾಗದು. ಮುಂದೆ 2004ರಲ್ಲಿ ಆಲ್ಬರ್ಟ್ ಕೋಸ್ಟಾ ಮತ್ತು ಮಿಕೆಲ್ ಸಾಂತೆಸ್ತೆಬಾನ್ ಎರಡು ಭಾಷೆಯನ್ನೂ ಚೆನ್ನಾಗಿ ಪಳಗಿಸಿಕೊಂಡ ಸ್ಪ್ಯಾನಿಷ್-ಕೆಟಲಾನ್ ಭಾಷಿಕರನ್ನು ಇದೇ ಬಗೆಯಲ್ಲಿ ಪರೀಕ್ಷಿಸಿದಾಗ ಆ ಏರುಪೇರು ಕಾಣಲಿಲ್ಲ. ಬಳಕೆಯಿಂದ ಎರಡು ದಡವೂ ಸಮವಾಗಿದ್ದವು.

ಈ ಸಾಲಿನ ಅಧ್ಯಯನಗಳಲ್ಲಿ ನನ್ನನ್ನು ಹೆಚ್ಚು ಕಾಡಿದ್ದು 2018ರಲ್ಲಿ ಪ್ರಕಟವಾದ ಒಂದು. ಬಾಯಿಂದ ಆಡುವವರು ಒಂದು ಭಾಷೆಯನ್ನು ನಿಲ್ಲಿಸದೆ ಇನ್ನೊಂದನ್ನು ತೊಡಗಲಾರರು. ಬಿಡುವುದು ಮತ್ತು ಹಿಡಿಯುವುದು ಒಂದೇ ಗಳಿಗೆಯಲ್ಲಿ ನಡೆದುಹೋಗುವುದರಿಂದ ಯಾವುದರ ಶ್ರಮ ಎಷ್ಟು ಎಂದು ಬಿಡಿಸಿ ನೋಡುವಂತಿಲ್ಲ. ಎಸ್ತಿ ಬ್ಲಾಂಕೋ-ಎಲೊರಿಯೆಟಾ, ಕರೆನ್ ಎಮೊರಿ ಮತ್ತು ಲೀನಾ ಪಿಲ್ಕನೆನ್ ಇದಕ್ಕೆ ಜಾಣ ದಾರಿ ಹುಡುಕಿದರು. ಇಂಗ್ಲಿಷನ್ನೂ ಅಮೆರಿಕದ ಸನ್ನೆಭಾಷೆಯನ್ನೂ ಬಲ್ಲವರು ಬಾಯಿ ಮತ್ತು ಕೈ ಎರಡರಿಂದಲೂ ಏಕಕಾಲಕ್ಕೆ ಮಾತಾಡಬಲ್ಲರು. ಒಂದರಿಂದ ಎರಡಕ್ಕೆ ಹೋಗುವುದು ಬರಿಯ ಹಿಡಿಯುವಿಕೆ; ಎರಡರಿಂದ ಒಂದಕ್ಕೆ ಬರುವುದು ಬರಿಯ ಬಿಡುವಿಕೆ. ಮಿದುಳಿನ ಚಟುವಟಿಕೆಯನ್ನು ಅಳೆದಾಗ, ಹೊಸದನ್ನು ಹಿಡಿಯುವುದಕ್ಕೆ ಹೆಚ್ಚಿನ ಶ್ರಮ ಕಾಣಲಿಲ್ಲ. ನಡೆಯುತ್ತಿದ್ದುದನ್ನು ಬಿಡುವಾಗಲೇ ಹಣೆಯ ಹಿಂದಿನ ನಿಯಂತ್ರಣದ ಭಾಗಗಳು ಹೆಚ್ಚು ದುಡಿಯುತ್ತಿದ್ದವು.

ಬಿಡುವುದೇ ಕಷ್ಟ ಎಂಬ ಮಾತನ್ನು ನಮ್ಮ ಹಿರಿಯರು ವೈರಾಗ್ಯದ ಸಂದರ್ಭದಲ್ಲಿ ಹೇಳಿಯೇ ಇದ್ದಾರೆ. ದಿನಸಿ ಅಂಗಡಿಯ ಮುಂದೆ ನಿಂತು ಎರಡು ಮಾತಾಡುವುದರಲ್ಲೂ ಅಂಥದೊಂದು ತ್ಯಾಗ ಅಡಗಿದೆ ಎಂದು ಮಾತ್ರ ನಾವು ಗಮನಿಸಿರಲಿಲ್ಲ. ನನ್ನೆದುರಿಗೆ ಬಂದು ನನ್ನ ಭಾಷೆಯಲ್ಲಿ ಮಾತಾಡುವವನು ತನ್ನ ನಾಲಿಗೆಯ ತುದಿಯಲ್ಲಿದ್ದುದನ್ನು ನನಗಾಗಿ ತಡೆಹಿಡಿದಿರುತ್ತಾನೆ. ಆ ತಡೆ ಹೊರಗೆ ಕಾಣುವುದಿಲ್ಲ, ಕೇಳಿಸುವುದೂ ಇಲ್ಲ. ಅದು ಇತ್ತು ಎಂದು ನಮಗೆ ತಿಳಿಯುವುದು ಅದು ಕೆಟ್ಟಾಗ. ಇಟಲಿಯ ಫ್ರಿಯುಲಿ ಸೀಮೆಯ ಒಬ್ಬ ರೋಗಿಯ ವರದಿ 2000ದಲ್ಲಿ ಬಂತು. ಮಿದುಳಿನ ಎಡ ಮುಂಭಾಗಕ್ಕೆ ಹಾನಿಯಾಗಿದ್ದ ಆತನ ವ್ಯಾಕರಣ, ಪದಸಂಪತ್ತು ಎಲ್ಲ ಸರಿಯಿದ್ದವು. ಆದರೆ ಇಟಾಲಿಯನ್ ಒಂದರಲ್ಲೇ ಮಾತಾಡಿ ಎಂದರೂ ಮನೆಮಾತಾದ ಫ್ರಿಯುಲಿಯನ್ ನುಗ್ಗಿ ಬರುತ್ತಿತ್ತು. ಫ್ರಿಯುಲಿಯನ್ ಆಡಿ ಎಂದರೆ ಇಟಾಲಿಯನ್. ಭಾಷೆಗಳೆಲ್ಲ ಉಳಿದು, ಎದುರಿಗಿರುವವರಿಗೆ ತಕ್ಕಂತೆ ಆಡುವ ಸಾಮರ್ಥ್ಯವೊಂದೇ ಹೋಗಿತ್ತು.

ಈ ಸಾಮರ್ಥ್ಯ ಯಾವ ಪಾಠಶಾಲೆಯಲ್ಲಿ ಬರುತ್ತದೆ? ಮಡಿಲಲ್ಲಿ. ಮಂಗಳೂರಿನ ಮನೆಯೊಂದರಲ್ಲಿ ಬೆಳೆಯುವ ಮಗುವಿಗೆ ಅಜ್ಜಿಯ ಹತ್ತಿರ ತುಳು, ಪಕ್ಕದ ಮನೆಯವರ ಹತ್ತಿರ ಕೊಂಕಣಿ ಅಥವಾ ಬ್ಯಾರಿ, ಬಾಲವಾಡಿಯಲ್ಲಿ ಕನ್ನಡ ಎಂದು ಯಾರೂ ಪಟ್ಟಿ ಬರೆದುಕೊಡುವುದಿಲ್ಲ. ಎರಡು ವರ್ಷದ ಆಸುಪಾಸಿನಲ್ಲೇ ಅದು ಮುಖ ನೋಡಿ ಮಾತು ಆರಿಸಿಕೊಳ್ಳತೊಡಗುತ್ತದೆ. ಇಟಲಿಯ ತ್ರಿಯೆಸ್ತೆಯಲ್ಲಿ ಆಗ್ನೆಸ್ ಕೊವಾಚ್ ಮತ್ತು ಜಾಕ್ ಮೆಲರ್ ಏಳು ತಿಂಗಳ ಕೂಸುಗಳೊಡನೆ ನಡೆಸಿದ ಪ್ರಯೋಗ 2009ರಲ್ಲಿ ಪ್ರಕಟವಾಯಿತು. ಒಂದು ದನಿ ಕೇಳಿದ ಮೇಲೆ ಪರದೆಯ ಒಂದು ಬದಿಯಲ್ಲಿ ಬೊಂಬೆ ಬರುತ್ತದೆ ಎಂದು ಕೂಸುಗಳು ಕಲಿತವು. ಆಮೇಲೆ ಬೊಂಬೆ ಬರುವ ಬದಿಯನ್ನು ಬದಲಿಸಿದರು. ಎರಡು ಭಾಷೆಯ ಮನೆಯ ಕೂಸುಗಳು ಬೇಗ ಹೊಸ ಬದಿಗೆ ಕಣ್ಣು ಹೊರಳಿಸಿದವು. ಒಂದೇ ಭಾಷೆಯ ಮನೆಯವು ಹಳೆಯ ಬದಿಯನ್ನೇ ನೋಡುತ್ತ ಉಳಿದವು. ಮುಂದೆ ಬಂದ ಅಧ್ಯಯನಗಳೆಲ್ಲ ಇದನ್ನು ಒಂದೇ ದನಿಯಲ್ಲಿ ಅನುಮೋದಿಸಿಲ್ಲವಾದರೂ, ಇಲ್ಲಿ ಕಂಡ ಗುಣವನ್ನು ಗಮನಿಸಬೇಕು. ರೂಢಿಯಾದುದನ್ನು ಬಿಟ್ಟು, ಈಗ ಎಲ್ಲಿ ಏನು ನಡೆಯುತ್ತಿದೆ ಎಂದು ನೋಡುವ ಗುಣ ಅದು.

ಮಕ್ಕಳು ಎರಡು ಭಾಷೆ ಬೆರೆಸಿದರೆ ಹೆತ್ತವರಿಗೆ ಆತಂಕ; ದೊಡ್ಡವರು ಬೆರೆಸಿದರೆ ಪಂಡಿತರಿಗೆ ಸಿಟ್ಟು. ಈ ಸಿಟ್ಟು ಹೊಸದಲ್ಲ. 12ನೆಯ ಶತಮಾನದ ನಯಸೇನ ‘ಧರ್ಮಾಮೃತ’ದಲ್ಲಿ ಕನ್ನಡಕ್ಕೆ ಸಂಸ್ಕೃತ ಬೆರೆಸುವವರನ್ನು ಟೀಕಿಸಿದ, ಆದರೆ ಅವನ ಕಾವ್ಯದಲ್ಲೇ ಸಂಸ್ಕೃತ ಪದಗಳು ಧಾರಾಳವಾಗಿವೆ. ಬೆರಕೆಯ ಮಾತು ಭಾಷೆ ಬಾರದವರ ಒದ್ದಾಟ ಎಂಬ ತೀರ್ಪೂ ನಿಲ್ಲುವುದಿಲ್ಲ. ನ್ಯೂಯಾರ್ಕಿನ ಪೋರ್ಟೊರಿಕೊ ಮೂಲದ ಜನರ ಮಾತನ್ನು ಅಧ್ಯಯನ ಮಾಡಿದ ಶಾನಾ ಪಾಪ್ಲಾಕ್ 1980ರಲ್ಲಿ ತೋರಿಸಿದಂತೆ, ವಾಕ್ಯದ ನಡುವೆಯೇ ಸ್ಪ್ಯಾನಿಷ್‌ನಿಂದ ಇಂಗ್ಲಿಷಿಗೆ ಹೊರಳುತ್ತಿದ್ದವರು ಎರಡನ್ನೂ ಚೆನ್ನಾಗಿ ಬಲ್ಲವರೇ. ಎರಡೂ ವ್ಯಾಕರಣ ಮುರಿಯದ ಕಡೆಯಲ್ಲೇ ಅವರು ಹೊರಳುತ್ತಿದ್ದರು. ಕನ್ನಡದ ಬೆರಕೆಯ ಮಾತಿಗೂ ಅದರದೇ ಕೆಲಸಗಳಿವೆ ಎಂದು ಎಸ್.ಎನ್. ಶ್ರೀಧರ್ 1978ರಷ್ಟು ಹಿಂದೆಯೇ ವಿವರಿಸಿದ್ದರು. ಎರಡೂ ಬಲ್ಲ ಗೆಳೆಯರು ಕೂಡಿದಾಗ ಏನನ್ನೂ ತಡೆಹಿಡಿಯಬೇಕಾಗಿಲ್ಲ. ಬಾಯಿಗೆ ಮೊದಲು ಬಂದದ್ದನ್ನು ಆಡಬಹುದು. ಅಲ್ಲಿ ಬೆರಕೆ ಒಂದು ವಿಶ್ರಾಂತಿ. ಅದೇ ಬೆರಕೆಯನ್ನು ಬ್ಯಾಂಕಿನ ಕಿಟಕಿಯಲ್ಲಿ ಕೂತವನು ಹಳ್ಳಿಯಿಂದ ಬಂದ ಅಜ್ಜನ ಮುಂದೆ ಆಡಿದಾಗ ಅದು ಬಾಗಿಲು ಹಾಕಿದಂತೆ. “ಕೆವೈಸಿ ಅಪ್‌ಡೇಟ್ ಆಗಿಲ್ಲ, ಅಕೌಂಟ್ ಫ್ರೀಜ್ ಆಗಿದೆ” ಎಂಬ ವಾಕ್ಯದ ವ್ಯಾಕರಣವೇನೋ ಅಪ್ಪಟ ಕನ್ನಡದ್ದೇ. ಆದರೆ ಅಜ್ಜನಿಗೆ ತಿಳಿದದ್ದು ‘ಆಗಿಲ್ಲ’ ಎಂಬುದೊಂದೇ. ಬೆರಕೆ ಸರಿಯೋ ತಪ್ಪೋ ಎಂಬುದು ನಿಘಂಟಿನಲ್ಲಿ ತೀರ್ಮಾನವಾಗುವ ಪ್ರಶ್ನೆಯಲ್ಲ, ಕೇಳುವವರ ಮುಖ ನೋಡಿ ತೀರ್ಮಾನಿಸಬೇಕಾದದ್ದು.

ಇಲ್ಲಿಂದ ಮುಂದಿನ ಪ್ರಶ್ನೆ ಮಿದುಳಿನದಲ್ಲ, ಸಮಾಜದ್ದು. ಇಬ್ಬರು ಬೇರೆ ಬೇರೆ ಮಾತಿನವರು ಎದುರಾದರೆ ಯಾರಾದರೊಬ್ಬರು ದಾಟಬೇಕು. ಯಾರು?

ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯಲ್ಲಿ, ಕರ್ನಾಟಕದ ಗಡಿಯ ಹತ್ತಿರ, ಕುಪ್ವಾಡ ಎಂಬ ಊರಿದೆ. ಭಾಷಾವಿಜ್ಞಾನ ಓದಿದವರಿಗೆಲ್ಲ ಈ ಹೆಸರು ಪರಿಚಿತ. ಜಾನ್ ಗಂಪರ್ಜ್ ಮತ್ತು ರಾಬರ್ಟ್ ವಿಲ್ಸನ್ 1971ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಆ ಊರಿನ ಮಾತುಗಳನ್ನು ಪರಿಶೀಲಿಸಿದ್ದರು. ಜಮೀನುದಾರ ಜೈನರದು ಕನ್ನಡ, ಮುಸ್ಲಿಮರದು ಉರ್ದು, ದಲಿತರು ಮತ್ತು ಭೂಮಿಯಿಲ್ಲದ ಕೂಲಿಯವರದು ಮರಾಠಿ, ಹಗ್ಗ ಹೊಸೆಯುವವರದು ತೆಲುಗು. ತಲೆತಲಾಂತರದಿಂದ ಇವರು ಒಬ್ಬರ ಮಾತಿನಿಂದ ಇನ್ನೊಬ್ಬರದಕ್ಕೆ ದಿನವೂ ಹೊರಳಿ ಹೊರಳಿ, ವ್ಯಾಕರಣಗಳೇ ಹತ್ತಿರ ಬಂದುಬಿಟ್ಟಿದ್ದವು. ಅಲ್ಲಿನ ಮರಾಠಿ, ಉರ್ದುಗಳು ಜೀವವಿಲ್ಲದ ವಸ್ತುಗಳಿಗೆ ಗಂಡು-ಹೆಣ್ಣೆಂಬ ಲಿಂಗಭೇದ ಬಿಟ್ಟು ಕನ್ನಡದ ದಾರಿ ಹಿಡಿದಿದ್ದವು. ‘ಈ ಮನೆ ನಿಮ್ಮದು’ ಎಂದರೆ ಸಾಕಾಗುವಲ್ಲಿ ಅಲ್ಲಿನ ಕನ್ನಡ ಮರಾಠಿಯನ್ನು ಅನುಸರಿಸಿ ಕೊನೆಗೊಂದು ಕ್ರಿಯಾಪದವನ್ನೂ ಸೇರಿಸಿಕೊಂಡಿತ್ತು. ಒಂದು ಭಾಷೆಯ ವಾಕ್ಯದಲ್ಲಿ ಪದಕ್ಕೆ ಪದವಿಟ್ಟರೆ ಇನ್ನೊಂದು ಭಾಷೆಯ ವಾಕ್ಯ ಸಿದ್ಧವಾಗುವಷ್ಟು ಅವು ಹೊಂದಿಕೊಂಡಿದ್ದವು. ಯಾವ ಭಾಷೆಯೂ ತನ್ನ ಪಟ್ಟು ಪೂರ್ತಿ ಹಿಡಿದಿರಲಿಲ್ಲ.

ಕೊಡುಕೊಳ್ಳುವಿಕೆಯ ಕಥೆಯಾಗಿ ಇದನ್ನು ಹೇಳಿ ಮುಗಿಸಬಹುದಿತ್ತು. ಆದರೆ ಗಂಪರ್ಜ್ ಅಲ್ಲಿಗೇ ನಿಲ್ಲುವುದಿಲ್ಲ. ವ್ಯಾಕರಣ ಒಂದಾದರೂ ಪದಗಳು ಬೇರೆಯಾಗಿಯೇ ಉಳಿದದ್ದೇಕೆ? ಹೊಲ, ಸಂತೆ, ಕೆಲಸದಲ್ಲಿ ಜನ ಬೆರೆತರು. ಮನೆಯ ಬಾಳು ಬೇರೆಬೇರೆಯಾಗಿಯೇ ಉಳಿಯಿತು. ಜಾತಿ, ಮತ, ಕಸುಬಿನ ಗೆರೆಗಳು ಮನೆಮಾತಿನ ಗುರುತನ್ನು ಕಾಪಾಡಿದವು. ನೆರೆಯವನ ಮಾತು ಬಂದಮಾತ್ರಕ್ಕೆ ನೆರೆಯವನು ಸಮನಾಗುವುದಿಲ್ಲ ಎಂಬ ಕಹಿಯೂ ಕುಪ್ವಾಡದ ಪಾಠದಲ್ಲಿ ಸೇರಿದೆ.

ನಮ್ಮ ಸುತ್ತ ನೋಡಿದರೂ ದಾಟುವಿಕೆ ಸಾಮಾನ್ಯವಾಗಿ ಇಳಿಜಾರಿನಿಂದ ಏರಿನ ಕಡೆಗೇ ಸಾಗುತ್ತದೆ. ಬೆಂಗಳೂರಿನ ಅಪಾರ್ಟ್‌ಮೆಂಟಿನ ಗೇಟಿನ ಬಳಿ ಸೊಪ್ಪು ಮಾರುವಾಕೆ ಒಬ್ಬರಿಗೆ ತೆಲುಗಿನಲ್ಲಿ ಬೆಲೆ ಹೇಳಿ, ಇನ್ನೊಬ್ಬರೊಡನೆ ತಮಿಳಿನಲ್ಲಿ ಚೌಕಾಸಿ ಮಾಡಿ, ಮತ್ತೊಬ್ಬರಿಗೆ ಹಿಂದಿಯಲ್ಲಿ ಚಿಲ್ಲರೆ ಇಲ್ಲ ಎನ್ನುತ್ತಾಳೆ. ನಾಲ್ಕು ಭಾಷೆ ತೂಗಿಸುವ ಆಕೆಯನ್ನು ನಾವು ಓದಿಲ್ಲದವಳು ಎನ್ನುತ್ತೇವೆ. ದೊಡ್ಡ ಪದವಿ ಪಡೆದು ಬಂದು ಹತ್ತು ವರ್ಷವಾದರೂ ‘ಎಷ್ಟು’ ಎಂಬ ಮಾತನ್ನೂ ಕಲಿಯದವರನ್ನು ವಿದ್ಯಾವಂತರು ಎನ್ನುತ್ತೇವೆ. ಹೀಗೆ ಹೇಳುವಾಗ ಕನ್ನಡಿಗರ ಎದೆ ಉಬ್ಬುವುದು ಸಹಜ. ಅದೇ ಅಳತೆಗೋಲನ್ನು ನಮ್ಮ ಕಡೆಗೂ ತಿರುಗಿಸಬೇಕು. 2011ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ ಮೂವರಲ್ಲಿ ಸುಮಾರು ಇಬ್ಬರ ಮನೆಮಾತು ಕನ್ನಡ. ಉಳಿದ ಒಬ್ಬರು ತುಳು, ಕೊಂಕಣಿ, ಉರ್ದು, ಲಂಬಾಣಿ, ಕೊಡವ, ತೆಲುಗು, ತಮಿಳು, ಮರಾಠಿ ಹೀಗೆ ಯಾವುದಾದರೂ ಆಡುವವರು. ತಾಂಡಾದಿಂದ ಮೊದಲ ಬಾರಿಗೆ ಶಾಲೆಗೆ ಬಂದ ಐದಾರು ವರ್ಷದ ಲಂಬಾಣಿ ಮಗು ಕನ್ನಡಕ್ಕೆ ದಾಟಲೇಬೇಕು. ಆ ಮಗುವಿಗಾಗಿ ನಾಲ್ಕು ಲಂಬಾಣಿ ಮಾತು ಕಲಿತ ಮೇಷ್ಟ್ರು ಎಷ್ಟು ಜನ ಸಿಕ್ಕಾರು? ಇಬ್ಬರಲ್ಲಿ ದೊಡ್ಡವರು ಮೇಷ್ಟ್ರು. ದಾಟುವ ಭಾರ ಬಿದ್ದದ್ದು ಮಗುವಿನ ಮೇಲೆ.

ಕನ್ನಡಕ್ಕೆ ಜ್ಞಾನಪೀಠ ತಂದ ಎಂಟು ಮಂದಿಯಲ್ಲಿ ಮೂವರ ಮನೆಮಾತು ಕನ್ನಡವಲ್ಲ. ಬೇಂದ್ರೆಯವರ ಮನೆಯಲ್ಲಿ ಮರಾಠಿ, ಮಾಸ್ತಿಯವರ ಮನೆಯಲ್ಲಿ ತಮಿಳು, ಕಾರ್ನಾಡರ ಮನೆಯಲ್ಲಿ ಕೊಂಕಣಿ. ನಮ್ಮ ಹೆಮ್ಮೆಯ ದೊಡ್ಡ ಪಾಲು ದಾಟಿ ಬಂದವರ ಕೊಡುಗೆ. ಋಣ ತೀರಿಸುವುದಿದ್ದರೆ ನಾವೂ ಒಂದಿಷ್ಟು ದಾಟಬೇಕಲ್ಲವೇ?

ದಾಟಿದರೆ ಲಾಭವುಂಟು ಎಂದು ಈಗ ವಿಜ್ಞಾನದ ಹೆಸರಿನಲ್ಲಿ ಹೇಳುವವರು ಬಹಳ. ಅದಕ್ಕೆ ಆಧಾರವಿಲ್ಲದೆ ಇಲ್ಲ. ಹೈದರಾಬಾದಿನ ನಿಜಾಮ್ಸ್ ಇನ್‌ಸ್ಟಿಟ್ಯೂಟಿನಲ್ಲಿ ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು ಡಿಮೆನ್ಶಿಯಾ ಎಂಬ ಮರೆವಿನ ಕಾಯಿಲೆಯ 648 ರೋಗಿಗಳ ವಿವರ ಪರಿಶೀಲಿಸಿ 2013ರಲ್ಲಿ ಪ್ರಕಟಿಸಿದರು. ಅವರಲ್ಲಿ 391 ಮಂದಿ ಎರಡು ಅಥವಾ ಹೆಚ್ಚು ಭಾಷೆ ಬಲ್ಲವರು. ಒಂದೇ ಭಾಷೆಯವರಿಗಿಂತ ಇವರಲ್ಲಿ ಕಾಯಿಲೆ ಸರಾಸರಿ ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು. ಅಕ್ಷರ ಬಾರದವರಲ್ಲೂ ಈ ಅಂತರ ಇತ್ತು ಎಂಬುದು ಆ ಅಧ್ಯಯನದ ತೂಕದ ಮಾತು. ಸಂತೆಯಲ್ಲಿ, ಓಣಿಯಲ್ಲಿ, ನೀರಿನ ನಲ್ಲಿಯ ಮುಂದೆ ಕಲಿತ ಭಾಷೆಯೂ ಲೆಕ್ಕಕ್ಕೆ ಬರುತ್ತದೆ ಎಂದಾಯಿತು. ಎರಡಕ್ಕಿಂತ ಹೆಚ್ಚು ಭಾಷೆ ಬಂದರೆ ಇನ್ನಷ್ಟು ಲಾಭ ಎಂದೇನೂ ಕಾಣಲಿಲ್ಲ. ಅದೇ ತಂಡ 2016ರಲ್ಲಿ 608 ಪಾರ್ಶ್ವವಾಯು ರೋಗಿಗಳ ಬಗ್ಗೆ ಬರೆದಾಗ, ಬುದ್ಧಿಶಕ್ತಿ ಮೊದಲಿನಂತೆಯೇ ಉಳಿದವರು ದ್ವಿಭಾಷಿಗಳಲ್ಲಿ ನೂರಕ್ಕೆ ಸುಮಾರು 40, ಏಕಭಾಷಿಗಳಲ್ಲಿ ಸುಮಾರು 20.

ಇಷ್ಟಾದರೂ ಇಡೀ ವಿಷಯ ಇತ್ಯರ್ಥವಾಗಿಲ್ಲ. ದ್ವಿಭಾಷಿಗಳ ಬುದ್ಧಿ ಹೆಚ್ಚು ಚುರುಕು ಎಂಬ ವಾದವನ್ನು ಕೆನೆತ್ ಪಾಪ್ ಮೊದಲಾದವರು ಗಟ್ಟಿಯಾಗಿ ಪ್ರಶ್ನಿಸಿದ್ದಾರೆ. ಲಾಭ ಕಂಡ ಅಧ್ಯಯನಗಳು ಸುಲಭವಾಗಿ ಅಚ್ಚಾಗುತ್ತವೆ, ಕಾಣದವು ಅಷ್ಟು ಸುಲಭವಾಗಿ ಅಚ್ಚಾಗುವುದಿಲ್ಲ ಎಂದು ಏಂಜೆಲಾ ಡೆ ಬ್ರೌನ್ ಮತ್ತು ಸಂಗಡಿಗರು 2015ರಲ್ಲಿ ತೋರಿಸಿದರು. ಆ ಚರ್ಚೆ ತಜ್ಞರ ನಡುವೆ ನಡೆಯಲಿ. ನನಗೆ ತೊಡಕೆನಿಸುವುದು ಬೇರೆ. ನೆರೆಮನೆಯವರ ಮಾತನ್ನು ನನ್ನ ನೆನಪಿನ ಶಕ್ತಿಗೆ ಟಾನಿಕ್ ಎಂದು ಕಲಿಯುವುದಾದರೆ, ನೆರೆಮನೆಯವರು ಅಲ್ಲಿ ಎಲ್ಲಿದ್ದಾರೆ? ನಾಳೆ ಲಾಭವಿಲ್ಲ ಎಂದು ಸಾಬೀತಾದರೆ ಅವರ ಮಾತು ಬೇಡವಾಗುತ್ತದೆಯೇ? ಅನ್ನ ಹಾಕಿದವರ ಮನೆಯ ಮಾತು ಕಲಿಯಲು ನಮ್ಮ ಹಿಂದಿನವರಿಗೆ ಮಿದುಳಿನ ಚಿತ್ರ ಬೇಕಾಗಿರಲಿಲ್ಲ.

ವಯಸ್ಸಾದಾಗ ಈ ಲೆಕ್ಕವೆಲ್ಲ ತಿರುಗಿ ನಿಲ್ಲುತ್ತದೆ. ಸ್ವೀಡನ್ನಿಗೆ ವಲಸೆ ಹೋಗಿ ನೆಲೆಸಿದ್ದ ವೃದ್ಧರಲ್ಲಿ ಮರೆವಿನ ಕಾಯಿಲೆ ಬಂದಾಗ ಏನಾಗುತ್ತದೆ ಎಂದು ಕೆನೆತ್ ಹಿಲ್ಟೆನ್‌ಸ್ಟಾಮ್ ಮತ್ತು ಕ್ರಿಸ್ಟೊಫರ್ ಸ್ಟ್ರೌಡ್ 1980ರ ದಶಕದಲ್ಲಿ ಅಧ್ಯಯನ ಮಾಡಿದರು. ಎದುರಿಗಿರುವವರಿಗೆ ಸ್ವೀಡಿಷ್ ಮಾತ್ರ ಬರುತ್ತದೆ ಎಂಬುದು ನೆನಪಿಗೆ ಬಾರದೆ ಕೆಲವರು ತಮ್ಮ ಮೊದಲ ಭಾಷೆಯಲ್ಲೇ ಮಾತಾಡುತ್ತಿದ್ದರು. ಬದುಕಿಡೀ ತಡೆಹಿಡಿದ ಶಕ್ತಿ ಸೋತಿತ್ತು. ತಡೆದಿದ್ದ ಮಾತು ಹೊರಗೆ ಬಂದಿತ್ತು. ಬೆಂಗಳೂರಿನಲ್ಲೋ ಮುಂಬಯಿಯಲ್ಲೋ ನ್ಯೂಜೆರ್ಸಿಯಲ್ಲೋ ನಮ್ಮ ಅಜ್ಜಿಯರೂ ಇದೇ ದಾರಿಯಲ್ಲಿದ್ದಾರೆ. ಮೊಮ್ಮಗಳಿಗಾಗಿ ಇಂಗ್ಲಿಷ್ ಕಲಿತು, “ಈಟ್ ಮಾಡು ಪುಟ್ಟಾ” ಎಂದು ಕರೆದು ಉಣಿಸಿದ ಅಜ್ಜಿಗೆ ಒಂದು ದಿನ ಕನ್ನಡ ಮಾತ್ರ ಉಳಿಯಬಹುದು. ಆಗ ಆಕೆಗೆ ದಾಟುವ ಶಕ್ತಿ ಇರುವುದಿಲ್ಲ. ದಾಟಿದರೆ ಮೊಮ್ಮಗಳೇ ದಾಟಬೇಕು. ಅದಕ್ಕೆ ಬೇಕಾದ ಮಾತನ್ನು ಚಿಕ್ಕಂದಿನಲ್ಲೇ ಅವಳ ಕಿವಿಗೆ ಹಾಕಿರಬೇಕು.

ಆದ್ದರಿಂದ ಯಾರು ದಾಟಬೇಕು ಎಂಬ ಪ್ರಶ್ನೆಗೆ ನನಗೆ ತೋರುವ ಉತ್ತರ ಸರಳ. ತಡೆಹಿಡಿಯುವುದು ಶ್ರಮದ ಕೆಲಸ ಎಂದಾದರೆ, ಆ ಶ್ರಮ ಶಕ್ತಿ ಹೆಚ್ಚಿದ್ದವರ ಪಾಲಿಗೆ ಬರಲಿ. ರೋಗಿಗಾಗಿ ವೈದ್ಯರು, ಅರ್ಜಿ ಹಿಡಿದು ಬಂದವರಿಗಾಗಿ ಅಧಿಕಾರಿ, ಮಗುವಿಗಾಗಿ ಮೇಷ್ಟ್ರು, ಸೊಪ್ಪಿನಾಕೆಗಾಗಿ ಸಂಬಳವಂತರು, ಅಜ್ಜಿಗಾಗಿ ಮೊಮ್ಮಗಳು ದಾಟಲಿ. ಪೂರ್ತಿ ದಡ ಮುಟ್ಟಬೇಕೆಂದಿಲ್ಲ. ತುಳುವಿನ ಮುದುಕಿಯೊಬ್ಬಳು ಆಸ್ಪತ್ರೆಯ ಮಂಚದ ಮೇಲಿದ್ದಾಗ “ದಾದ ಆಂಡ್?” ಎಂದು ಏನಾಯಿತೆಂದು ಕೇಳಲು ಡಾಕ್ಟರಿಗೆ ತುಳು ಪಾಂಡಿತ್ಯ ಬೇಕಾಗಿಲ್ಲ. ಉಳಿದದ್ದನ್ನು ಆಕೆಯೇ ಕನ್ನಡದಲ್ಲಿ ಹೇಳಿಯಾಳು, ಏಕೆಂದರೆ ತನ್ನ ಕಡೆಗೆ ಯಾರೋ ಎರಡು ಹೆಜ್ಜೆ ಬಂದರು ಎಂದು ಆಕೆಗೆ ಗೊತ್ತಾಗಿರುತ್ತದೆ.

ಒಡಕು ಕನ್ನಡದಲ್ಲಿ ಯಾರಾದರೂ ನಮ್ಮನ್ನು ಮಾತಾಡಿಸಿದರೆ ನಾವು ನಗುತ್ತೇವೆ, ಲಿಂಗ ತಪ್ಪಿತು, ವಿಭಕ್ತಿ ತಪ್ಪಿತು ಎಂದು ಎಣಿಸುತ್ತೇವೆ. ಆ ತಪ್ಪುಗಳ ಹಿಂದೆ ಒಂದು ಇಡೀ ಭಾಷೆ ನಮಗೋಸ್ಕರ ಬಾಯಿ ಮುಚ್ಚಿಕೊಂಡು ನಿಂತಿದೆ ಎಂದು ತಿಳಿದ ಮೇಲೆ ಎಣಿಕೆಯ ರೀತಿ ಬದಲಾಗಬೇಕು. ತಪ್ಪು ತಿದ್ದುವುದಕ್ಕೆ ನಾಳೆಯೂ ಸಮಯವಿದೆ. ಇವತ್ತು ಮೊದಲು ಅವರ ಮನೆಮಾತು ಯಾವುದೆಂದು ಕೇಳಿ, ಅದರಲ್ಲಿ ಒಂದೆರಡು ಮಾತು ಕಲಿತು, ನಾವೂ ತಪ್ಪುತಪ್ಪಾಗಿ ಆಡೋಣ.